ಹೇಳುವವರು ಕೇಳುವವರು

ಭಾಷಣದ ಕೊನೆಯ ಹಾಳೆಗೆ ಬರುವಷ್ಟರಲ್ಲೇ ಅವನಿಗೆ ಗೊತ್ತಾಗಿತ್ತು, ಎದುರಿಗೆ ಕೂತವರು ಕಾಯುತ್ತಿರುವುದು ಚಪ್ಪಾಳೆ ತಟ್ಟುವುದಕ್ಕಲ್ಲ, ಮುಗಿದರೆ ಸಾಕು ಎಂದು. ಹಾಗೆ ಕಾಯುವವರ ಮುಖಗಳು ಅವನಿಗೆ ಹೊಸವಲ್ಲ. ಠಾಣೆಯ ಬೆಂಚಿನ ಮೇಲೆ ದಿನಾ ಕೂತಿರುತ್ತವೆ. ವರ್ತಕರ ಸಂಘದ ಸಭಾಂಗಣಕ್ಕೆ ಹೊಸದಾಗಿ ಬಣ್ಣ ಹೊಡೆಸಿದ್ದರು. ಕಿಟಕಿಗಳನ್ನೆಲ್ಲ ತೆರೆದಿಟ್ಟರೂ ವಾಸನೆ ಹೋಗಿರಲಿಲ್ಲ, ತಲೆ ಸಣ್ಣಗೆ ಸಿಡಿಯುತ್ತಿತ್ತು. ‘ಸಮಾಜದ ಹತೋಟಿಯಲ್ಲಿ ಪೊಲೀಸು, ನ್ಯಾಯಾಲಯ ಮತ್ತು ಸೆರೆಮನೆ: ಎಷ್ಟರಮಟ್ಟಿಗೆ ಯಶಸ್ವಿ?’ ಎಂಬ ವಿಷಯವನ್ನು ಮೇಲಿನವರು ಗೊತ್ತುಮಾಡಿ ಕಳಿಸಿದ್ದರು. ಬರೆದವನು ಠಾಣೆಯ ರೈಟರು. ಇನ್ಸ್‌ಪೆಕ್ಟರಾಗಿ ಇವನು ಮಾಡಿಸಿದ ತಿದ್ದುಪಡಿ ಒಂದೇ, ಆ ಪ್ರಶ್ನಾರ್ಥಕ ಚಿಹ್ನೆಯನ್ನು ತೆಗೆಸಿದ್ದು. “ಕಳೆದ ಇಡೀ ವರ್ಷದಲ್ಲಿ ಈ ಪೇಟೆಯಿಂದ ಕಳ್ಳತನದ ಒಂದೇ ಒಂದು ದೂರೂ ದಾಖಲಾಗಿಲ್ಲವೆಂದು ತಿಳಿಸಲು ಹೆಮ್ಮೆಪಡುತ್ತೇನೆ,” ಎಂದು ಓದಿ ತಲೆಯೆತ್ತಿದ. ಮುಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಆ ಕೆಮ್ಮು ಸಾಲಿನಿಂದ ಸಾಲಿಗೆ ದಾಟಿಕೊಂಡು ಹಿಂದಿನ ಬಾಗಿಲಿನವರೆಗೂ ಹೋಯಿತು. ಆಮೇಲೆ ಅಧ್ಯಕ್ಷರು ಎದ್ದುನಿಂತು ಚಪ್ಪಾಳೆ ತಟ್ಟಿದ್ದರಿಂದ ಎಲ್ಲರೂ ಎದ್ದುನಿಂತು ತಟ್ಟಿದರು.

ಚಹಾ ಕೊಡುವಾಗ ಅವನು ನಿಂತ ಕಡೆ ಸುತ್ತ ಒಂದು ಮಾರು ಜಾಗ ತಾನೇ ತಾನಾಗಿ ಖಾಲಿಯಾಯಿತು. ಅದು ಅವನಿಗೆ ರೂಢಿಯೇ. ಹೋಟೆಲಿಗೆ ಕಾಲಿಟ್ಟರೆ ಮಾತು ನಿಲ್ಲುತ್ತದೆ, ತೊಳೆದ ಲೋಟವನ್ನೇ ಮತ್ತೆ ತೊಳೆದು ಕೊಡುತ್ತಾರೆ, ಬಿಲ್ಲು ಕೇಳಿದರೆ ಮಾಲೀಕ ನಾಚಿಕೊಂಡವನ ಹಾಗೆ ನಗುತ್ತಾನೆ. ಮೊದಮೊದಲು ಇದನ್ನು ಮರ್ಯಾದೆ ಎಂದುಕೊಂಡಿದ್ದ. ಈಚೆಗೆ ಏನೂ ಅಂದುಕೊಳ್ಳುತ್ತಿರಲಿಲ್ಲ. ಬೀಗದ ಅಂಗಡಿಯ ಮುದುಕನಿಗೆ ಕಿವಿ ಮಂದ. ತಾನು ಪಿಸುಗುಟ್ಟುತ್ತಿದ್ದೇನೆ ಎಂದುಕೊಂಡೇ ಆತ ಪಕ್ಕದವನನ್ನು ಕೇಳಿದ. “ಇವರ ತಾಯೀನೇ ಏನಯ್ಯಾ, ಆ ಬಾಚಣಿಗೆ ಎತ್ಕೊಂಡು ಹೋಗೋರು?”

ಇಡೀ ಸಭಾಂಗಣ ಕೈಯಲ್ಲಿದ್ದ ಬಿಸ್ಕತ್ತನ್ನು ನೋಡತೊಡಗಿತು. ಮುದುಕನೊಬ್ಬನೇ ಉತ್ತರಕ್ಕೆ ಕಾದು, ಯಾರೂ ಕೊಡದಿದ್ದಾಗ, “ನಮ್ಮಂಗಡೀಲಿ ಬೀಗಾನೂ ಎತ್ತಿದಾರೆ, ಆದರೆ ಕೀ ಬಿಟ್ಟು ಹೋಗಿದಾರೆ ಪಾಪ,” ಎಂದ. ಇನ್ಸ್‌ಪೆಕ್ಟರನಿಗೆ ಒಂದು ಕ್ಷಣ ಬಣ್ಣದ ವಾಸನೆ ಬಾಯಿಯೊಳಗೆ ಬಂದ ಹಾಗಾಯಿತು. ಆದರೆ ಇಷ್ಟು ವರ್ಷದ ನೌಕರಿ ಅವನ ಕಣ್ಣನ್ನು ತಾನೇ ನಡೆಸುತ್ತಿತ್ತು. ಇಷ್ಟು ಜನರಲ್ಲಿ ಬಾಯಿ ಬಿಡುವವನು ಯಾರು ಎಂದು ಅದು ಆಗಲೇ ಹುಡುಕಿಬಿಟ್ಟಿತ್ತು. ಫ್ಯಾನ್ಸಿ ಸ್ಟೋರಿನವನ ಚಹಾದ ಕಪ್ಪು ಸಾಸರಿನ ಮೇಲೆ ಕಟಕಟನೆ ಹಲ್ಲು ಕಡಿಯುತ್ತಿತ್ತು. ಅವನ ಹತ್ತಿರ ಹೋಗಿ, “ನಿಮ್ಮ ಅಂಗಡಿ ಕಡೆ ಹೋಗೋಣ ಬನ್ನಿ,” ಎಂದ. ಆತ ಕಪ್ಪನ್ನು ಕೆಳಗಿಡುವುದನ್ನೂ ಮರೆತು ಹಿಂದೆ ಬಂದ. ದಾರಿಯುದ್ದಕ್ಕೂ ಚಹಾ ತುಳುಕುತ್ತಿತ್ತು.

ಅಂಗಡಿಯ ಹಿಂದಿನ ಕೋಣೆಯಲ್ಲಿ ರಟ್ಟಿನ ಪೆಟ್ಟಿಗೆಗಳ ನಡುವೆ ಕ್ಯಾಮೆರಾದ ಪರದೆ ಇತ್ತು. ಫ್ಯಾನ್ಸಿ ಸ್ಟೋರಿನವನು ಬೇಡ ಸಾರ್, ಬಿಡಿ ಸಾರ್ ಎನ್ನುತ್ತಲೇ ಗುಂಡಿ ಒತ್ತಿದ. ಪರದೆಯ ಮೇಲೆ ಅಮ್ಮ ಬಂದಳು. ಬೂದುಬಣ್ಣದ ಅಂಗಡಿ, ಬೂದುಬಣ್ಣದ ಅಮ್ಮ, ಭುಜದ ಮೇಲೆ ಅವಳ ಹಳೇ ಶಾಲು, ಕೈಯಲ್ಲಿ ತರಕಾರಿ ಚೀಲ. ಹೀಗೆ ಮೇಲಿನಿಂದ ಅವನು ಅವಳನ್ನು ನೋಡಿದ್ದು ಅದೇ ಮೊದಲು. ನೆತ್ತಿ ಇಷ್ಟು ಬರಿದಾಗಿದೆ ಎಂದು ಗೊತ್ತಿರಲಿಲ್ಲ. ಅವಳು ಬಾಚಣಿಗೆಗಳ ಮುಂದೆ ನಿಂತು, ಒಂದನ್ನು ತೆಗೆದು, ಹಲ್ಲುಗಳ ಮೇಲೆ ಉಗುರು ಎಳೆದು ನೋಡಿ, ಚೀಲಕ್ಕೆ ಹಾಕಿದಳು. ಅಷ್ಟಕ್ಕೇ ಹೋಗಲಿಲ್ಲ. ಅಲ್ಲೇ ನಿಂತಳು. ಕದಿಯುವವನ ಕಣ್ಣು ಯಾರಾದರೂ ನೋಡಿಯಾರೇ ಎಂದು ಸುತ್ತುತ್ತದೆ, ಕದ್ದ ಮೇಲೆ ಕಾಲು ಬಾಗಿಲ ಕಡೆ ಎಳೆಯುತ್ತದೆ. ಪೊಲೀಸ್ ತರಬೇತಿಯಲ್ಲಿ ಇದನ್ನೇ ಅವನಿಗೆ ಬಾಯಿಪಾಠ ಮಾಡಿಸಿದ್ದರು. ಅಮ್ಮನ ಕಾಲು ಅಲುಗಲಿಲ್ಲ. ಅವಳು ಕೌಂಟರಿನ ಹುಡುಗಿಯನ್ನು ದಿಟ್ಟಿಸಿ ನೋಡುತ್ತಿದ್ದಳು. ಹುಡುಗಿ ನಿಧಾನವಾಗಿ ಗೋಡೆಯ ಕಡೆ ತಿರುಗಿದಳು. ಅಮ್ಮ ಇನ್ನೊಬ್ಬಳನ್ನು ನೋಡಿದಳು. ಅವಳೂ ತಿರುಗಿದಳು. ಕೊನೆಗೆ ಅಂಗಡಿಯಲ್ಲಿದ್ದ ಎಲ್ಲರೂ ಗೋಡೆ ನೋಡಿಕೊಂಡು ನಿಂತಿದ್ದರು, ಅಮ್ಮ ಒಬ್ಬಳೇ ಅವರ ಬೆನ್ನುಗಳ ನಡುವೆ, ಬಸ್ಸು ತಪ್ಪಿಸಿಕೊಂಡವಳ ಹಾಗೆ.

“ನಾನೇ ಹೇಳಿಟ್ಟಿದೀನಿ ಸಾರ್, ಅಮ್ಮಾವ್ರು ಬಂದ್ರೆ ಆ ಕಡೆ ತಿರುಗ್ಬಿಡಿ ಅಂತ. ದೊಡ್ಡೋರು. ಮುಜುಗರ ಆಗಬಾರದು.”

“ದೂರು ಯಾಕೆ ಕೊಡಲಿಲ್ಲ?”

“ಯಾರ ಹತ್ರ ಸಾರ್?” ಆತ ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದ್ದ. ಕೇಳಿದ ಮೇಲೆ ತಾನು ಏನು ಕೇಳಿದೆ ಎಂದು ಹೊಳೆದು ಮುಖ ಬಿಳುಚಿಕೊಂಡಿತು.

“ಬೇರೆ ಕಳ್ಳರು ಬರಲ್ವಾ?”

“ಬರ್ತಾರೆ, ಬರದೆ ಏನು. ಬೈದು ಕಳಿಸ್ತೀವಿ. ಜಾಸ್ತಿ ಆದ್ರೆ ಅವರ ಮನೇಲಿ ಹೇಳ್ತೀವಿ. ಅದಕ್ಕೆಲ್ಲ ಸ್ಟೇಷನ್ನಿಗೆ ಬಂದ್ರೆ ನಮ್ಮ ದಿನ ಹಾಳು, ನಿಮ್ಮ ದಿನಾನೂ ಹಾಳು. ಆಮೇಲೆ ಕೋರ್ಟು, ಸಾಕ್ಷಿ... ಪೇಟೆ ಸಂಘದಲ್ಲೇ ಮಾತಾಡ್ಕೊಂಡ್ವಿ ಸಾರ್, ಯಾರೂ ಹೋಗೋದು ಬೇಡ ಅಂತ. ನೀವು ತಪ್ಪು ತಿಳೀಬಾರದು. ಇವತ್ತು ನಿಮ್ಮ ಭಾಷಣ ಬಹಳ ಚೆನ್ನಾಗಿತ್ತು.”

ಈಗಲೇ ಬರೆದುಕೊಡಿ, ನಾನು ದಾಖಲು ಮಾಡಿಕೊಳ್ಳುತ್ತೇನೆ ಎಂದು ಅವನು ಗಟ್ಟಿಯಾಗಿ ಹೇಳಿದ. ಹೇಳುವಾಗ ಅದು ಒಳ್ಳೆಯ ಮಾತೆಂದೇ ಅನ್ನಿಸಿತ್ತು. ಫ್ಯಾನ್ಸಿ ಸ್ಟೋರಿನವನು ಕೈಮುಗಿದು ಅಳತೊಡಗಿದ. ಹೆಂಡತಿ ಮಕ್ಕಳಿದ್ದಾರೆ ಎಂದ. ಇನ್ಸ್‌ಪೆಕ್ಟರ ಅವನನ್ನು ಸಮಾಧಾನ ಮಾಡಲು ನೋಡಿದ. ಭುಜ ತಟ್ಟೋಣವೆಂದು ಕೈಯೆತ್ತಿದ. ಆತ ಕಣ್ಣುಮುಚ್ಚಿ ಕೆನ್ನೆಯನ್ನು ಪಕ್ಕಕ್ಕೆ ಸರಿಸಿಕೊಂಡ. ಎತ್ತಿದ ಕೈಯನ್ನು ಏನು ಮಾಡುವುದೆಂದು ಕಾಣದೆ ಅವನು ತನ್ನ ಟೋಪಿಯನ್ನು ಸರಿಮಾಡಿಕೊಂಡು ಹೊರಗೆ ಬಂದ.

ಜೀಪನ್ನು ಕಳಿಸಿಬಿಟ್ಟು ನಡೆದೇ ಮನೆಗೆ ಹೊರಟ. ಬಿಸಿಲಿಗೆ ಸಮವಸ್ತ್ರದ ಕಾಲರು ಕತ್ತನ್ನು ಕೊರೆಯುತ್ತಿತ್ತು. ಎದುರಿಗೆ ಬಂದವರು ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದರು, ಅವರಿಗೆಲ್ಲ ಗೊತ್ತು, ಅವನೊಬ್ಬನಿಗೆ ಗೊತ್ತಿರಲಿಲ್ಲ. ಇಷ್ಟು ದೊಡ್ಡ ಗುಟ್ಟನ್ನು ಒಂದು ಇಡೀ ಪೇಟೆ ಕಾಪಾಡಿಕೊಂಡು ಬರುವುದೆಂದರೆ ಅದಕ್ಕೆಷ್ಟು ಶಿಸ್ತು ಬೇಕು. ತನ್ನ ಠಾಣೆಯಲ್ಲಿ ಒಂದು ವರ್ಗಾವಣೆಯ ಸುದ್ದಿ ಮಧ್ಯಾಹ್ನದವರೆಗೆ ಉಳಿಯುವುದಿಲ್ಲ. ನಡೆಯುತ್ತ ಚಿಕ್ಕಂದಿನ ಬೀದಿ ಕಣ್ಣಮುಂದೆ ಬಂತು. ಸಾಲುಮನೆಗಳ ನಡುವಿನ ಆ ಒಂದೇ ನಲ್ಲಿ, ಅದರ ಮುಂದೆ ಕೊಡಗಳ ಸಾಲು, ಸಾಲಿನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತ ಅಮ್ಮ. ಅಪ್ಪ ಬಸ್ಸಿನ ಕಂಡಕ್ಟರು. ದಿನವಿಡೀ ಚಿಲ್ಲರೆಗಾಗಿ ಕೂಗಾಡಿ ಮನೆಗೆ ಬಂದವನು ಗೋಡೆಗೊರಗಿ ಮೂಕನಾಗಿ ಕೂರುತ್ತಿದ್ದ. ಮನೆಯ ಪಾಲಿನ ಮಾತನ್ನೆಲ್ಲ ಅಮ್ಮನೇ ಆಡುತ್ತಿದ್ದಳು. ಬೆಳಗಾದರೆ ನಲ್ಲಿಯ ಹತ್ತಿರ ಅವಳ ದನಿ. ನಿನ್ನ ಕೊಡ ಯಾವಳು ಮುಂದಿಟ್ಟಳು, ನಿನ್ನ ನಾಲಿಗೆ ಎಷ್ಟುದ್ದ, ನಿನ್ನ ಗಂಡನಿಗಾದರೂ ಹೇಳೋರು ಕೇಳೋರು ಇಲ್ವಾ. ಪುಸ್ತಕ ಹಿಡಿದು ಶಾಲೆಗೆ ಹೊರಟವನು ಆ ದನಿ ಕೇಳಿಸದ ತಿರುವಿನವರೆಗೂ ಓಡುತ್ತಿದ್ದ. ಒಂದು ದಿನ ಯಾವಳೋ ಅಮ್ಮನ ಜುಟ್ಟು ಹಿಡಿದೆಳೆದಿದ್ದಳು. ಅದೇ ದಿನ ಸಾಯಂಕಾಲ ಅಮ್ಮ ಮತ್ತು ಅವಳು ಒಂದೇ ಮೆಟ್ಟಿಲ ಮೇಲೆ ಕೂತು ಮೂರನೆಯವಳೊಬ್ಬಳನ್ನು ಆಡಿಕೊಳ್ಳುತ್ತಿದ್ದದ್ದನ್ನು ಅವನೇ ನೋಡಿದ್ದ, ಆದರೆ ಅವನ ಮನಸ್ಸಿನಲ್ಲಿ ಉಳಿದದ್ದು ಜುಟ್ಟು ಮಾತ್ರ. ದೊಡ್ಡವನಾದ ಮೇಲೆ ನನ್ನಮ್ಮನ ಎದುರು ಯಾರೂ ದನಿ ಎತ್ತಬಾರದು, ಹಾಗೆ ಮಾಡುತ್ತೇನೆ ಎಂದುಕೊಂಡಿದ್ದ. ಮಾಡಿದ್ದ. ಯಾರೂ ಎತ್ತುತ್ತಿರಲಿಲ್ಲ.

ಹೆಂಡತಿ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದಳು. ಅವನ ಮುಖ ನೋಡಿದ್ದೇ, “ಗೊತ್ತಾಯ್ತಾ?” ಎಂದಳು.

“ನಿನಗೆ ಗೊತ್ತಿತ್ತಾ?”

“ಮನೇಲಿ ಎಲ್ಲರಿಗೂ ಗೊತ್ತು. ನಿಮಗೆ ಹೇಗೆ ಹೇಳೋದು? ನೀವು ಪೊಲೀಸು.” ಅವಳು ಒರೆಸಿದ ತಟ್ಟೆಯನ್ನು ಇನ್ನೊಮ್ಮೆ ಒರೆಸಿದಳು. “ಅತ್ತೆ ತಂದದ್ದನ್ನ ನಾನು ಮಾರನೇ ದಿನ ತಗೊಂಡು ಹೋಗಿ ಇದ್ದಲ್ಲೇ ಇಟ್ಟು ಬರ್ತೀನಿ. ಅವರಿಗೂ ಅದು ಗೊತ್ತು. ಒಂದೊಂದ್ಸಲ ಅವರೇ ‘ಇದನ್ನ ಇಟ್ಟು ಬಾ’ ಅಂತ ಕೈಗೆ ಕೊಡ್ತಾರೆ.”

“ಅಂಗಡಿಯೋರು?”

“ನಾನು ಹೋದ್ರೂ ಗೋಡೆ ಕಡೆ ತಿರುಗ್ತಾರೆ.” ಹೆಂಡತಿಯ ತುಟಿ ಕೊಂಕಿತು. ಅವಳು ನಗುತ್ತಿದ್ದಾಳೋ ಅಳುತ್ತಿದ್ದಾಳೋ ಎಂದು ಅವನು ಪರೀಕ್ಷಿಸಿ ನೋಡಿದ. ಶಂಕಿತರನ್ನು ನೋಡುವ ಹಾಗೆ ನೋಡಬೇಡಿ ಎಂದು ಅವಳು ಎಷ್ಟೋ ಸಲ ಹೇಳಿದ್ದಳು. ಇವತ್ತು ಅದನ್ನೂ ಹೇಳಲಿಲ್ಲ.

ಅಮ್ಮ ಹಿಂದಿನ ಬಾಲ್ಕನಿಯಲ್ಲಿ ಕಾಲು ಚಾಚಿ ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದಳು. ಅವನು ಕುರ್ಚಿಯೊಂದನ್ನು ಎಳೆದು ಅವಳ ಎದುರಿಗೆ ಹಾಕಿಕೊಂಡು, ಮಾತಾಡದೆ ಕೂತ. ಬಹಳ ಜನ ಆ ಮೌನಕ್ಕೇ ಬಾಯಿ ಬಿಡುತ್ತಾರೆ. ಅಮ್ಮ ಕಿರುಬೆರಳು ಮುಗಿಸಿ ಇನ್ನೊಂದು ಕಾಲಿಗೆ ಹೋದಳು.

“ಅಮ್ಮ, ಆ ಫ್ಯಾನ್ಸಿ ಸ್ಟೋರಿಗೆ ಹೋಗಿದ್ಯಾ?”

“ಹೋಗಿದ್ದೆ.”

“ಬಾಚಣಿಗೆ ತಗೊಂಡ್ಯಾ?”

“ತಗೊಂಡೆ.”

“ದುಡ್ಡು ಕೊಡದೆ?”

“ಕೊಡದೆ.”

ಅವನ ಇಷ್ಟು ವರ್ಷದ ನೌಕರಿಯಲ್ಲಿ ಯಾರೂ ಇಷ್ಟು ಬೇಗ ಒಪ್ಪಿಕೊಂಡಿರಲಿಲ್ಲ. ಒಪ್ಪಿಕೊಂಡವರನ್ನು ಅಲ್ಲಿಂದ ಮುಂದಕ್ಕೆ ಬೇರೆಯವರು ನೋಡಿಕೊಳ್ಳುತ್ತಾರೆ, ಅವನ ಕೆಲಸ ಅಲ್ಲಿಗೆ ಮುಗಿಯುತ್ತದೆ. “ಯಾಕಮ್ಮ?” ಎಂದ. ತಾನು ಕೇಳಿದ್ದು ಪೊಲೀಸಿನವನ ದನಿಯಲ್ಲಲ್ಲ, ಪುಸ್ತಕ ಹಿಡಿದುಕೊಂಡು ಓಡುತ್ತಿದ್ದವನ ದನಿಯಲ್ಲಿ ಎಂದು ಅವನಿಗೇ ಕೇಳಿಸಿತು.

ಅಮ್ಮ ಕತ್ತರಿಯನ್ನು ಕೆಳಗಿಟ್ಟಳು. “ನೀನು ಇಲ್ಲಿಗೆ ಬಂದ ಹೊಸದ್ರಲ್ಲಿ ಒಬ್ಬ ಟೊಮೇಟೊ ಮಾರೋನ ಹತ್ರ ಚೌಕಾಸಿ ಮಾಡ್ದೆ. ಅವನು ದುಡ್ಡೇ ಬೇಡ, ತಗೊಂಡು ಹೋಗಿ ಅಂದ. ನನಗೆ ಬಂತು ಸಿಟ್ಟು. ಎಲ್ಲ ಕೊಳೆತದ್ದು ಕೊಟ್ಟಿದೀಯ ಅಂದೆ. ಒಂದೂ ಕೊಳೆತಿರಲಿಲ್ಲ, ಸುಮ್ನೆ ಅಂದೆ, ಅವನೇನಾದ್ರೂ ಅನ್ಲಿ ಅಂತ. ತಪ್ಪಾಯ್ತಮ್ಮ ಅಂತ ಬುಟ್ಟೀನೇ ಹೊತ್ಕೊಂಡು ಓಡಿದ, ಮತ್ತೆ ಈ ಬೀದಿಗೆ ಬರಲೇ ಇಲ್ಲ. ಪಕ್ಕದ ಮನೆಯೋಳ ಹತ್ರ ಜಗಳ ತೆಗೆದೆ. ಅವಳು ನನ್ನ ಕಾಲಿಗೆ ಬೀಳಕ್ಕೆ ಬಂದ್ಲು. ನಾನು ಯಾರ ಹತ್ರ ಮಾತಾಡ್ಲೋ? ಏನಂದ್ರೂ ‘ಹೌದಮ್ಮ’. ಹಗಲನ್ನ ರಾತ್ರಿ ಅಂದ್ರೂ ಹೌದಮ್ಮ. ನಿಮ್ಮಪ್ಪ ಮಾತಾಡ್ತಿರಲಿಲ್ಲ, ಆದ್ರೆ ಗೊರಕೆನಾದ್ರೂ ಹೊಡೀತಿದ್ದ.”

“ಅದಕ್ಕೆ ಕದಿಯೋದಾ?”

“ಕದ್ದರಾದ್ರೂ ಕೇಳ್ತಾರೇನೋ ಅಂದ್ಕೊಂಡೆ.” ಅವಳು ಕತ್ತರಿಸಿದ ಉಗುರುಗಳನ್ನು ಅಂಗೈಯಲ್ಲಿ ಗುಡ್ಡೆ ಮಾಡಿದಳು. “ನಾಚಿಕೆ ಆಗುತ್ತೆ ಕಣೋ, ಇಲ್ಲ ಅನ್ನಲ್ಲ. ಮೊದಲನೇ ಸಲ ಎದೆ ಹೊಡ್ಕೊಂಡು ಸತ್ತೇ ಹೋಗ್ತೀನಿ ಅನ್ನಿಸ್ತು. ಆಮೇಲೆ ಯಾರೂ ಏನೂ ಅನ್ನದೆ ಇದ್ದದ್ದಕ್ಕೆ ಇನ್ನೂ ಜಾಸ್ತಿ ನಾಚಿಕೆ ಆಯ್ತು. ನೀನಾದ್ರೂ ಬಯ್ಯಿ.”

ಅವನು ಬಯ್ಯಲು ನೋಡಿದ. ಬೈಗುಳ ಅವನಿಗೆ ಬರದೇ ಇರುವ ವಿದ್ಯೆಯಲ್ಲ. ದಿನಾ ಬಳಸುವ ಎಲ್ಲ ಶಬ್ದಗಳೂ ಬಾಯಿಯ ತುದಿಯವರೆಗೆ ಬಂದವು, ಅವುಗಳಲ್ಲಿ ಅಮ್ಮನಿಗೆ ಅನ್ನಬಹುದಾದದ್ದು ಒಂದೂ ಇರಲಿಲ್ಲ. ಅವುಗಳಲ್ಲಿ ಮುಕ್ಕಾಲು ಪಾಲು ಅಮ್ಮಂದಿರನ್ನು ಕುರಿತವೇ ಆಗಿದ್ದವು.

ಬಿಸಿಲು ಇಳಿದ ಮೇಲೆ ಸಮವಸ್ತ್ರ ಕಳಚಿ, ಸಾದಾ ಅಂಗಿ ಪ್ಯಾಂಟು ಹಾಕಿಕೊಂಡು, ಅಮ್ಮನನ್ನು ಕರೆದುಕೊಂಡು ಫ್ಯಾನ್ಸಿ ಸ್ಟೋರಿಗೆ ಹೋದ. ತಪ್ಪೊಪ್ಪಿಕೊಂಡು ಬರುವುದೆಂದು ಇಬ್ಬರೂ ಮಾತಾಡಿಕೊಂಡಿದ್ದರು. ಅಮ್ಮ ತಲೆ ಬಾಚಿಕೊಂಡು, ಒಗೆದ ಶಾಲು ಹೊದ್ದು ಬಂದಿದ್ದಳು. ಅವರು ಬಾಗಿಲಲ್ಲಿ ಕಾಣಿಸಿದ್ದೇ ಕೌಂಟರಿನವರು ಗೋಡೆಯ ಕಡೆ ತಿರುಗಿದರು. “ನೋಡಪ್ಪ, ನಾನು ನಿನ್ನಂಗಡೀಲಿ...” ಎಂದು ಅಮ್ಮ ಶುರುಮಾಡಿದಳು. “ಅಯ್ಯೋ, ನಿಮ್ಮದೇ ಅಂಗಡಿ ಅಮ್ಮಾ,” ಎಂದ ಮಾಲೀಕ. “ನಾನು ಕದ್ದದ್ದು...” “ಏನು ಬೇಕೋ ತಗೊಳ್ಳಿ ಅಮ್ಮಾ.” ಅವಳ ಒಂದೊಂದು ಮಾತಿನ ಬಾಯಿಗೂ ಮಾಲೀಕ ವಿನಯವನ್ನು ತುರುಕುತ್ತಿದ್ದ. ಕೊನೆಗೆ ಒಂದು ಹೊಸ ಬಾಚಣಿಗೆಯನ್ನು ಕಾಗದದಲ್ಲಿ ಸುತ್ತಿ ಅವಳ ಕೈಗಿಟ್ಟ. ಅಮ್ಮ ಅದನ್ನು ಕೌಂಟರಿನ ಮೇಲಿಟ್ಟು ಹೊರಗೆ ಬಂದಳು. ಬೆಳಕಿನಲ್ಲಿ ಅವಳ ಮುಖ ನೋಡಲು ಅವನಿಗೆ ಧೈರ್ಯವಾಗಲಿಲ್ಲ. ಇಬ್ಬರೂ ಅಂಗಡಿಸಾಲು ಮುಗಿಯುವವರೆಗೂ ನಡೆದರು.

ಸಾಲು ಮುಗಿಯುವಲ್ಲಿ, ಬ್ಯಾಂಕಿನ ಗೋಡೆಗೆ ಒತ್ತಿಕೊಂಡು ಒಂದು ತಳ್ಳುಗಾಡಿ ನಿಂತಿತ್ತು. ಗಾಡಿಯವಳು ಹೊಸಬಳು, ಅವನು ಕಂಡ ಮುಖವಲ್ಲ. ನಿಂಬೆಹಣ್ಣು ಗುಡ್ಡೆ ಹಾಕಿಕೊಂಡು ಯಾರ ಜೊತೆಗೋ ವ್ಯಾಪಾರ ಮಾಡುತ್ತಿದ್ದಳು. ಅಮ್ಮ ನಡೆಯುತ್ತ ನಡೆಯುತ್ತಲೇ ಕೈ ಚಾಚಿ ಒಂದು ನಿಂಬೆಹಣ್ಣು ತೆಗೆದು ಚೀಲಕ್ಕೆ ಹಾಕಿದಳು. ಅವನ ಪಕ್ಕದಲ್ಲೇ, ಅವನ ಕಣ್ಣೆದುರಿಗೇ. ಅವನು ‘ಅಮ್ಮ’ ಎನ್ನುವ ಮೊದಲೇ ಗಾಡಿಯವಳು ಸುತ್ತಿಕೊಂಡು ಬಂದು ಅವಳ ಮಣಿಕಟ್ಟು ಹಿಡಿದಿದ್ದಳು.

“ಏನಜ್ಜಿ, ಕಣ್ಣು ಕಾಣಲ್ಲ ಅಂದ್ಕೊಂಡ್ಯಾ ನನಗೆ? ತೆಗಿ ಹೊರಗೆ.”

“ಏನು ತೆಗೀಲಿ?”

“ನಿಂಬೆಹಣ್ಣು!”

“ಇದನ್ನ ನಿಂಬೆಹಣ್ಣು ಅಂತಾರಾ? ಗೋಲಿ ಅಂದ್ಕೊಂಡೆ ನಾನು. ಮುಖ ನೋಡು ಅದರದ್ದು, ಹಿಂಡಿದ್ರೆ ಕಣ್ಣೀರಿಗಾಗುವಷ್ಟು ರಸ ಇಲ್ಲ.”

“ಕದಿಯೋಕೆ ಮಾತ್ರ ಚೆನ್ನಾಗಿತ್ತಾ?” ಗಾಡಿಯವಳು ಅವನ ಕಡೆ ತಿರುಗಿದಳು. “ನೀನ್ಯಾರು, ಮಗನಾ? ಗೂಟದ ಹಾಗೆ ನಿಂತಿದೀಯಲ್ಲ, ಹೆತ್ತವಳನ್ನ ಬೀದೀಲಿ ಹೀಗೆ ಬಿಡ್ತೀಯಾ? ನಾಚಿಕೆ ಆಗಲ್ವಾ ನಿನಗೆ?”

ಅವನ ಕೈ ತಾನಾಗಿಯೇ ಜೇಬಿನೊಳಗಿನ ಗುರುತಿನ ಚೀಟಿಗೆ ಹೋಗಿತ್ತು. ಹೊರಗಿನವರು ಅವನನ್ನು ‘ನೀನು’ ಎಂದು ಕರೆದು ಎಷ್ಟು ವರ್ಷವಾಯಿತೋ. ಆ ಶಬ್ದ ಕಿವಿಗೆ ಬಿದ್ದಾಗ ಕೆನ್ನೆ ಬಿಸಿಯಾಯಿತು, ಆಮೇಲೆ, ಅದೇನೆಂದು ಅವನಿಗೆ ತಿಳಿಯಲಿಲ್ಲ, ಬಿಗಿಯಾಗಿದ್ದ ಬೂಟು ಕಳಚಿದಾಗಿನ ಹಾಗೆ ಎಲ್ಲೋ ಒಂದು ಕಡೆ ಹಗುರಾಯಿತು. ಅಮ್ಮ ಅವನ ಜೇಬಿನ ಕಡೆ ನೋಡಿದಳು. ಅವನು ಬರಿಗೈಯನ್ನು ಹೊರಗೆ ತೆಗೆದ.

“ತಪ್ಪಾಯ್ತಮ್ಮ,” ಎಂದ.

“ತಪ್ಪಾಯ್ತಂತೆ! ಪೊಲೀಸರನ್ನ ಕರೀಬೇಕು ನಿಮಗೆ. ಕರೆದ್ರೆ ಅವರು ಮೊದಲು ನನ್ನ ಗಾಡಿ ಎತ್ತಿಸ್ತಾರೆ, ಅದೇ ನನ್ನ ಕರ್ಮ.” ಅವಳು ಮಣಿಕಟ್ಟು ಬಿಡದೆ ಅಮ್ಮನನ್ನು ಎಳೆದುಕೊಂಡು ಹೋಗಿ ಬೋರಲು ಹಾಕಿದ ಪೆಟ್ಟಿಗೆಯೊಂದರ ಮೇಲೆ ಕೂರಿಸಿದಳು. “ಅಷ್ಟು ಗೊತ್ತಲ್ಲ ಹಣ್ಣಿನ ವಿಷಯ, ಕೂತ್ಕೊಂಡು ಆರಿಸು. ಒಳ್ಳೇದು ಈ ಕಡೆ, ಕೆಟ್ಟಿದ್ದು ಆ ಕಡೆ. ಆ ಮೂಟೆ ಮುಗಿಯೋವರೆಗೂ ಏಳಂಗಿಲ್ಲ. ನೀನು ನಡಿ, ನಿನ್ನ ಮುಖ ನೋಡಿದ್ರೆ ಗಿರಾಕಿ ಬರಲ್ಲ.”

ಅಮ್ಮ ಮೂಟೆಗೆ ಕೈಹಾಕಿ, “ಇದೆಲ್ಲಾನೂ ಆ ಕಡೆಗೇ ಹಾಕ್ಬೇಕು ನೋಡು,” ಎಂದಳು.

ಅವನು ರಸ್ತೆ ದಾಟಿ ಪೇಪರ್ ಅಂಗಡಿಯ ಮುಂದೆ ನಿಂತ. ಎಲ್ಲಿಗೆ ಹೋಗಬೇಕೆಂದು ಗೊತ್ತಿರಲಿಲ್ಲ. ಅಲ್ಲಿಂದ ಮಾತು ಸ್ಪಷ್ಟವಾಗಿ ಕೇಳಿಸುತ್ತಿರಲಿಲ್ಲ, ದನಿ ಮಾತ್ರ ಕೇಳುತ್ತಿತ್ತು, ಒಬ್ಬಳದು ಏರಿದರೆ ಇನ್ನೊಬ್ಬಳದು ಅದಕ್ಕಿಂತ ಏರುತ್ತಿತ್ತು, ನಡುವೆ ಗಿರಾಕಿಯೊಬ್ಬ ಬಂದರೆ ಇಬ್ಬರೂ ಸೇರಿ ಅವನ ಮೇಲೆ ಬೀಳುತ್ತಿದ್ದರು. ಅಮ್ಮ ಒಮ್ಮೆ ಸೊಂಟಕ್ಕೆ ಕೈಯಿಟ್ಟು ಕೂತಲ್ಲೇ ಬೆನ್ನು ನೆಟ್ಟಗೆ ಮಾಡಿದಳು. ಕೂತಿದ್ದರೂ ನಿಂತ ಹಾಗಿತ್ತು.

ಆಗಲೇ ಬ್ಯಾಂಕಿನ ಕಡೆಯಿಂದ ಪೇದೆಯೊಬ್ಬ ಬಂದ. ಮೊನ್ನೆ ತಾನೇ ಬೇರೆ ಠಾಣೆಯಿಂದ ವರ್ಗವಾಗಿ ಬಂದವನು, ಇನ್ಸ್‌ಪೆಕ್ಟರನ ಮನೆಯವರನ್ನು ನೋಡಿರಲಿಲ್ಲ. ಲಾಠಿಯಿಂದ ಗಾಡಿಯ ಚಕ್ರಕ್ಕೆ ಬಡಿದ. ಗಾಡಿಯವಳು ಬಾಯಿ ಮುಚ್ಚಿಕೊಂಡು ತಕ್ಕಡಿಯನ್ನು ಎತ್ತಿಡತೊಡಗಿದಳು. ಪೇದೆಯನ್ನು ತಡೆಯಲು ಇನ್ಸ್‌ಪೆಕ್ಟರನ ಒಂದು ಮಾತು ಸಾಕಾಗಿತ್ತು. ಅವನು ರಸ್ತೆಗೆ ಕಾಲಿಟ್ಟೇಬಿಟ್ಟಿದ್ದ. ಅಷ್ಟರಲ್ಲಿ ಅಮ್ಮ ಪೆಟ್ಟಿಗೆಯಿಂದ ಎದ್ದಳು. ಎದ್ದು ಪೇದೆಯ ಎದುರಿಗೆ ನಿಂತು, ಅವನ ಎದೆಯ ಮಟ್ಟಕ್ಕೆ ಬರುತ್ತಿದ್ದವಳು, ಕತ್ತೆತ್ತಿ ಕೈ ಆಡಿಸುತ್ತ ಮಾತು ಶುರುಮಾಡಿದಳು. “ದೊಣ್ಣೆ ಹಿಡ್ಕೊಂಡ ತಕ್ಷಣ ರಸ್ತೆ ನಿಂದಾಗೋಯ್ತೇನೋ?” ಎಂಬುದು ಇಲ್ಲಿಯವರೆಗೂ ಕೇಳಿಸಿತು. “ಏಯ್ ಮುದುಕಿ, ಗಾಡಿ ತಳ್ತೀಯೋ, ಒಳಗೆ ಹಾಕ್ಲೋ?” ಎಂದು ಪೇದೆ ಕೂಗಿದ. ಅಮ್ಮನ ಮುಖ ಅರಳಿತು.

ಅವನು ಇಟ್ಟ ಕಾಲನ್ನು ಹಿಂದಕ್ಕೆ ತೆಗೆದುಕೊಂಡ. ಪೇಪರ್ ಅಂಗಡಿಯಿಂದ ಒಂದು ಪತ್ರಿಕೆ ತೆಗೆದು ಅಗಲವಾಗಿ ಬಿಚ್ಚಿ ಅದರ ಹಿಂದೆ ನಿಂತ. ಪತ್ರಿಕೆಯ ಅಂಚಿನಿಂದ ನೋಡಿದಾಗ ಗಾಡಿ ಹೊರಟಿತ್ತು. ಗಾಡಿಯವಳು ಒಂದು ಕಡೆ, ಅಮ್ಮ ಇನ್ನೊಂದು ಕಡೆ, ಇಬ್ಬರೂ ತಳ್ಳುತ್ತ ಓಡುತ್ತಿದ್ದರು. ನೆಟ್ಟಗೆ ತಳ್ಳು ಅಜ್ಜಿ ಎಂದು ಅವಳು ಬೈಯುತ್ತಿದ್ದಳು, ನಿನ್ನ ಚಕ್ರವೇ ಸೊಟ್ಟ ಎಂದು ಇವಳು. ಅಮ್ಮನ ಶಾಲು ಜಾರಿ ಒಂದು ತುದಿ ರಸ್ತೆ ಗುಡಿಸುತ್ತಿತ್ತು. ಅವಳು ನಗುತ್ತಿದ್ದಳು. ಪೊಲೀಸರಿಂದ ತಪ್ಪಿಸಿಕೊಂಡು ಓಡುವವರನ್ನು ಅವನು ಬಹಳ ಜನರನ್ನು ನೋಡಿದ್ದ, ಯಾರೂ ಹಾಗೆ ನಗುತ್ತಿರಲಿಲ್ಲ. ಮೂಲೆ ತಿರುಗುವಾಗ ಗಾಡಿ ವಾಲಿ ಒಂದಷ್ಟು ನಿಂಬೆಹಣ್ಣು ರಸ್ತೆಗೆ ಉರುಳಿದವು.

ಪೇದೆ ಈ ಕಡೆ ತಿರುಗಿದವನು ಅವನನ್ನು ಗುರುತು ಹಿಡಿದು, ಓಡಿಬಂದು ಸೆಲ್ಯೂಟ್ ಹೊಡೆದ. “ಗಾಡಿ ಖಾಲಿ ಮಾಡಿಸಿದೆ ಸಾರ್.”

“ನೋಡಿದೆ.”

“ಜೊತೆಗೊಂದು ಮುದುಕಿ ಇತ್ತು ಸಾರ್. ಬಾಯಿ ಬಹಳ ಜೋರು.”

“ಏನಂದ್ಲು?”

ಪೇದೆ ಹಿಂದೆಮುಂದೆ ನೋಡಿದ. “ನಿನ್ನ ಇನ್ಸ್‌ಪೆಕ್ಟರಿಗೆ ಹೋಗಿ ಹೇಳ್ಕೋ ಅಂದ್ಲು ಸಾರ್.”

“ಹೇಳಿದ್ಯಲ್ಲ, ಆಯ್ತು.” ಅವನು ಪತ್ರಿಕೆಯನ್ನು ಮಡಚಿ ಇದ್ದಲ್ಲಿಟ್ಟು ರಸ್ತೆಗಿಳಿದ. ಬಗ್ಗಿ, ಉರುಳಿಬಿದ್ದ ನಿಂಬೆಹಣ್ಣುಗಳನ್ನು ಒಂದೊಂದಾಗಿ ಆರಿಸಿ, ಅಂಗಿಗೆ ಒರೆಸಿ ಜೇಬಿಗೆ ಹಾಕಿಕೊಳ್ಳತೊಡಗಿದ. ಪೇದೆ ಒಂದು ಗಳಿಗೆ ನಿಂತು ನೋಡಿ, ಅರ್ಥವಾದವನ ಹಾಗೆ ಹತ್ತಿರ ಬಂದ. “ಅವಳ ಹತ್ರ ಒಂದು ಮೂಟೆ ಇದೆ ಸಾರ್,” ಎಂದು ದನಿ ತಗ್ಗಿಸಿ ಹೇಳಿದ. “ಚೀಲ ತಗೊಂಡು ಹೋಗಿ ತುಂಬಿಸ್ಕೊಂಡು ಬರ್ಲಾ?”

ಮೂಲೆಯ ಆಚೆಯಿಂದ ಅಮ್ಮನ ದನಿ ಇನ್ನೂ ಕೇಳಿಸುತ್ತಿತ್ತು. ಅದು ದೂರವಾಗುವುದರೊಳಗೆ, ಎರಡೂ ಜೇಬುಗಳನ್ನು ಕೈಯಲ್ಲಿ ಒತ್ತಿಹಿಡಿದುಕೊಂಡು, ಅವನು ಆ ಕಡೆ ಓಡಿದ.